ಸರಾಸರಿ ಚೆನ್ನಾಗಿದ್ದರೂ ಬಳಕೆದಾರರು ಕಾಯುವುದೇಕೆ?

ಪ್ರಶ್ನೆ: ನಮ್ಮ ತಂಡ ಟಿಕೆಟ್ ಕಾಯ್ದಿರಿಸುವ ಅಪ್ಲಿಕೇಶನ್ ಒಂದನ್ನು ಕ್ಲೌಡ್‌ನಲ್ಲಿ ನಡೆಸುತ್ತಿದೆ. ಬಿಡುಗಡೆಗೆ ಮುನ್ನ ಜೆಮೀಟರ್ ಎಂಬ ಉಪಕರಣ ಬಳಸಿ 500 ಕೃತಕ ಬಳಕೆದಾರರ ಲೋಡ್ ಟೆಸ್ಟ್ (ಹೊರೆ ತಾಳುವ ಪರೀಕ್ಷೆ) ಮಾಡಿದಾಗ ಸರಾಸರಿ ರೆಸ್ಪಾನ್ಸ್ ಟೈಮ್, ಅಂದರೆ ಉತ್ತರ ಬರಲು ಹಿಡಿಯುವ ಸಮಯ, ಅರ್ಧ ಸೆಕೆಂಡ್ ಬಂದಿತ್ತು. ಆದರೆ ಬುಕಿಂಗ್ ಆರಂಭವಾದ ದಿನ ಮೊದಲ ಹತ್ತು ನಿಮಿಷ ಪುಟವೇ ತೆರೆಯಲಿಲ್ಲ. ಹೊರೆ ಹೆಚ್ಚಿದಂತೆ ಸರ್ವರ್‌ಗಳನ್ನು ತಾನಾಗಿ ಹೆಚ್ಚಿಸುವ ಆಟೋಸ್ಕೇಲಿಂಗ್ ಕೂಡ ಇತ್ತು. ನಾವು ತಪ್ಪಿದ್ದೆಲ್ಲಿ?

ಉತ್ತರ: ‘500 ಬಳಕೆದಾರರು’ ಎಂಬ ಅಳತೆಯಲ್ಲೇ ತಪ್ಪು ಆರಂಭವಾಗಿರಬೇಕು. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಂದು ವ್ಯವಸ್ಥೆಯೊಳಗೆ ಏಕಕಾಲಕ್ಕೆ ಇರುವವರ ಸರಾಸರಿ ಸಂಖ್ಯೆ ಎಂದರೆ, ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಪ್ರತಿಯೊಬ್ಬರೂ ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಾಗ ಬರುವ ಗುಣಲಬ್ಧ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಒಂದು ಕ್ಲಿಕ್ಕಿಗೂ ಮುಂದಿನದಕ್ಕೂ ನಡುವೆ ಬಿಡುವೇ ಇಲ್ಲದಿದ್ದರೆ, ಅರ್ಧ ಸೆಕೆಂಡಿನಲ್ಲಿ ಉತ್ತರ ಪಡೆಯುವ 500 ಮಂದಿ ಸೆಕೆಂಡಿಗೆ 1000 ರಿಕ್ವೆಸ್ಟ್ (ಸರ್ವರ್‌ಗೆ ಕೋರಿಕೆ) ಕಳಿಸುತ್ತಾರೆ. ಪುಟ ಓದಲು ಒಂಬತ್ತೂವರೆ ಸೆಕೆಂಡ್ ಬಿಡುವು ಕೊಟ್ಟಿದ್ದರೆ ಅದೇ 500 ಮಂದಿಯಿಂದ ಬರುವುದು ಸೆಕೆಂಡಿಗೆ 50 ಮಾತ್ರ. ಇವೆರಡರ ನಡುವೆ ಇಪ್ಪತ್ತು ಪಟ್ಟು ಅಂತರವಿದ್ದರೂ ವರದಿಯ ಮೊದಲ ಸಾಲು ಎರಡಕ್ಕೂ ಒಂದೇ ಆಗಿರುತ್ತದೆ. ಆದ್ದರಿಂದ ಗುರಿಯನ್ನು ಬಳಕೆದಾರರ ಸಂಖ್ಯೆಯಲ್ಲಿ ಹೇಳದೆ, ಸೆಕೆಂಡಿಗೆ ಎಷ್ಟು ಹೊಸ ಬುಕಿಂಗ್‌ಗಳು ಶುರುವಾಗುತ್ತವೆ ಎಂಬ ರೂಪದಲ್ಲಿ ಹೇಳುವುದು ಒಳ್ಳೆಯದು.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಜೆಮೀಟರ್‌ನ ಸಾಮಾನ್ಯ ಥ್ರೆಡ್ ಗ್ರೂಪ್‌ನಲ್ಲಿ (ಕೃತಕ ಬಳಕೆದಾರರ ಗುಂಪಿನಲ್ಲಿ) ಪ್ರತಿಯೊಬ್ಬ ಕೃತಕ ಬಳಕೆದಾರನೂ ತನ್ನ ಉತ್ತರ ಬರುವವರೆಗೆ ಕಾದು, ಆಮೇಲಷ್ಟೇ ಮುಂದಿನ ರಿಕ್ವೆಸ್ಟ್ ಕಳಿಸುತ್ತಾನೆ. ಸರ್ವರ್ ನಿಧಾನವಾದರೆ ಪರೀಕ್ಷೆಯೂ ತಾನಾಗಿ ನಿಧಾನವಾಗುತ್ತದೆ. ಅಂದರೆ ಒತ್ತಡ ಹೆಚ್ಚಬೇಕಾದ ಗಳಿಗೆಯಲ್ಲೇ ಅದು ಇಳಿಯುತ್ತದೆ. ಬುಕಿಂಗ್ ತೆರೆಯುವ ಹೊತ್ತಿಗೆ ಬರುವ ಜನ ಹಾಗಲ್ಲ. ಒಳಗಿರುವವರಿಗೆ ಉತ್ತರ ಸಿಕ್ಕಿತೋ ಇಲ್ಲವೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ, ಅವರು ಬರುತ್ತಲೇ ಇರುತ್ತಾರೆ, ಪುಟ ತೆರೆಯದಿದ್ದರೆ ರಿಫ್ರೆಶ್ ಒತ್ತಿ ಹೊರೆಯನ್ನು ಇನ್ನೂ ಹೆಚ್ಚಿಸುತ್ತಾರೆ.

ಹೀಗೆ ಪರೀಕ್ಷಕನೇ ಕಾಯುತ್ತಾ ಕುಳಿತಾಗ ಅಳತೆಯೂ ಸುಳ್ಳಾಗುತ್ತದೆ. ಒಬ್ಬ ಕೃತಕ ಬಳಕೆದಾರ ಸೆಕೆಂಡಿಗೊಂದರಂತೆ ಹತ್ತು ನಿಮಿಷ ರಿಕ್ವೆಸ್ಟ್ ಕಳಿಸಬೇಕಾಗಿದೆ, ಪ್ರತಿಯೊಂದಕ್ಕೂ 10 ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತಿದೆ, ನಡುವೆ ಒಂದು ನಿಮಿಷ ಸರ್ವರ್ ಸ್ತಬ್ಧವಾಯಿತು ಎಂದುಕೊಳ್ಳಿ. ವರದಿಯಲ್ಲಿ 540 ವೇಗದ ಉತ್ತರಗಳೂ 60 ಸೆಕೆಂಡಿನ ಒಂದೇ ಒಂದು ನಿಧಾನದ ಉತ್ತರವೂ ದಾಖಲಾಗುತ್ತವೆ. 99ನೇ ಪರ್ಸೆಂಟೈಲ್ (ನೂರರಲ್ಲಿ 99 ಉತ್ತರಗಳು ಎಷ್ಟು ಸಮಯದೊಳಗೆ ಬಂದವು ಎಂಬ ಅಳತೆ) ನೋಡಿದರೂ 10 ಮಿಲಿಸೆಕೆಂಡ್ ಎಂದೇ ಕಾಣುತ್ತದೆ. ಆದರೆ ಆ ಒಂದು ನಿಮಿಷದಲ್ಲಿ ಬರಬೇಕಿದ್ದ 60 ಮಂದಿಯೂ ಕಾದಿರುತ್ತಿದ್ದರು, ಅಂದರೆ 600ರಲ್ಲಿ ಶೇಕಡಾ 10ರಷ್ಟು ಜನ, ಸರಾಸರಿ ಅರ್ಧ ನಿಮಿಷದಷ್ಟು ಹೊತ್ತು. ಅವರ ಕಾಯುವಿಕೆಯನ್ನು ಯಾರೂ ಅಳೆಯಲೇ ಇಲ್ಲ. ಸಾಫ್ಟ್‌ವೇರ್ ತಜ್ಞ ಗಿಲ್ ಟೆನೆ ಈ ದೋಷವನ್ನು ‘ಕೋಆರ್ಡಿನೇಟೆಡ್ ಒಮಿಷನ್’ ಎಂದು ಕರೆದರು. ಇದನ್ನು ತಪ್ಪಿಸಲು, ಉತ್ತರ ಬಂದರೂ ಬಾರದಿದ್ದರೂ ನಿಗದಿತ ವೇಗದಲ್ಲಿ ರಿಕ್ವೆಸ್ಟ್ ಕಳಿಸುವ ಓಪನ್ ಮಾದರಿಯನ್ನು ಬಳಸಬೇಕು. ಗ್ಯಾಟ್ಲಿಂಗ್ ಮತ್ತು ಕೆ6 ಉಪಕರಣಗಳಲ್ಲಿ ಇದಕ್ಕೆ ನೇರ ಸೌಲಭ್ಯವಿದೆ. ಜೆಮೀಟರ್‌ನ ಹೊಸ ಆವೃತ್ತಿಗಳಲ್ಲೂ ಓಪನ್ ಮಾಡೆಲ್ ಥ್ರೆಡ್ ಗ್ರೂಪ್ ಇದೆ.

ಇನ್ನು ಆಟೋಸ್ಕೇಲಿಂಗ್ ವಿಚಾರ. ಅದು ಕೆಲಸ ಮಾಡುತ್ತದೆ, ಆದರೆ ತಕ್ಷಣ ಮಾಡುವುದಿಲ್ಲ. ಉದಾಹರಣೆಗೆ, ಕ್ಲೌಡ್‌ನಲ್ಲಿ ಅಪ್ಲಿಕೇಶನ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಪಾಡ್‌ಗಳ (ಅಪ್ಲಿಕೇಶನ್‌ನ ಓಡುತ್ತಿರುವ ಪ್ರತಿಗಳ) ಸಂಖ್ಯೆ ಹೆಚ್ಚಿಸುವ ವ್ಯವಸ್ಥೆ ಮೂಲ ಹೊಂದಾಣಿಕೆಯಲ್ಲಿ (ಡಿಫಾಲ್ಟ್) 15 ಸೆಕೆಂಡಿಗೊಮ್ಮೆ ಬಳಕೆಯ ಪ್ರಮಾಣವನ್ನು ನೋಡುತ್ತದೆ. ಅದು ನೋಡಿ ನಿರ್ಧರಿಸಿದ ಮೇಲೆ, ಜಾಗವಿಲ್ಲದಿದ್ದರೆ ಹೊಸ ಯಂತ್ರ ಎದ್ದು, ಅಪ್ಲಿಕೇಶನ್‌ನ ಕಟ್ಟು (ಇಮೇಜ್) ಅದಕ್ಕೆ ಇಳಿದು, ಅಪ್ಲಿಕೇಶನ್ ಶುರುವಾಗಿ ಸಿದ್ಧವಾಗುವಷ್ಟರಲ್ಲಿ ಕೆಲವು ನಿಮಿಷಗಳು ಕಳೆದಿರಬಹುದು. ಅಷ್ಟರಲ್ಲಿ ಹಳೆಯ ಪಾಡ್‌ಗಳ ಮುಂದೆ ಸಾಲು ಬೆಳೆದಿರುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಲೋಡ್ ಅರ್ಧ ಗಂಟೆಯಲ್ಲಿ ನಿಧಾನವಾಗಿ ಏರಿದ್ದರೆ ಈ ವಿಳಂಬ ಕಣ್ಣಿಗೆ ಬಿದ್ದಿರುವುದೇ ಇಲ್ಲ.

ಪಾಡ್‌ಗಳು ಹೆಚ್ಚಿದ ಮೇಲೂ ಪುಟ ತೆರೆಯದಿದ್ದರೆ ಡೇಟಾಬೇಸ್ ಕನೆಕ್ಷನ್‌ಗಳನ್ನು ಎಣಿಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲ ಹೊಂದಾಣಿಕೆಯಲ್ಲಿ ಕನೆಕ್ಷನ್‌ಗಳ ಗರಿಷ್ಠ ಮಿತಿ 100, ಅದರಲ್ಲೂ ಕೆಲವು ನಿರ್ವಾಹಕರಿಗೆ ಮೀಸಲು. ಪ್ರತಿ ಪಾಡ್ 10 ಕನೆಕ್ಷನ್‌ಗಳನ್ನು ಮೊದಲೇ ತೆರೆದ ಪೂಲ್ ಆಗಿ ಇಟ್ಟುಕೊಂಡರೆ ಹತ್ತನೆಯ ಪಾಡ್ ಏಳುವಾಗಲೇ ಬಾಗಿಲು ಮುಚ್ಚಿರುತ್ತದೆ. ಇಂಥ ಕಡೆ ಆಟೋಸ್ಕೇಲಿಂಗ್ ನೆರವಾಗುವ ಬದಲು ಡೇಟಾಬೇಸಿನ ಮೇಲಿನ ಒತ್ತಡವನ್ನೇ ಹೆಚ್ಚಿಸುತ್ತದೆ. ಬುಕಿಂಗ್ ತೆರೆಯುವ ಸಮಯ ನಿಮಗೆ ಮೊದಲೇ ತಿಳಿದಿರುವುದರಿಂದ, ಅದಕ್ಕೆ ಮುಂಚೆಯೇ ಪಾಡ್‌ಗಳನ್ನು ಏರಿಸಿಟ್ಟುಕೊಳ್ಳಿ, ಮತ್ತು ಒಂದೇ ನಿಮಿಷದಲ್ಲಿ ಪೂರ್ಣ ಲೋಡ್ ಬಂದು ಬೀಳುವ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿ.

ಪ್ರಶ್ನೆ: ಖರ್ಚು ಉಳಿಸಲು ಸರ್ವರ್‌ಗಳನ್ನು ಶೇಕಡಾ 90ರಷ್ಟು ಬಳಕೆಯಲ್ಲಿ ಇಡಬೇಕೆಂದು ನಮ್ಮ ವ್ಯವಸ್ಥಾಪಕರು ಹೇಳುತ್ತಾರೆ. ಇನ್ನೂ 10 ಉಳಿದಿದೆಯಲ್ಲ ಎಂಬುದು ಅವರ ವಾದ.

ಉತ್ತರ: ಉಳಿದ 10 ನೀವು ಅಂದುಕೊಂಡಷ್ಟು ದೊಡ್ಡದಲ್ಲ. ರಿಕ್ವೆಸ್ಟ್‌ಗಳು ಯಾವಾಗೆಂದರೆ ಆಗ ಬರುವ, ಒಂದೇ ಸರ್ವರ್ ಇರುವ ಸರಳ ಮಾದರಿಯಲ್ಲಿ ಲೆಕ್ಕ ಹಾಕಿದರೆ, ಶೇಕಡಾ 50 ಬಳಕೆಯಲ್ಲಿ ಒಟ್ಟು ಸಮಯ ಕೆಲಸದ ಸಮಯದ 2 ಪಟ್ಟು, 80ರಲ್ಲಿ 5 ಪಟ್ಟು, 90ರಲ್ಲಿ 10 ಪಟ್ಟು, 95ರಲ್ಲಿ 20 ಪಟ್ಟು ಆಗುತ್ತದೆ. ಹಲವು ಸರ್ವರ್‌ಗಳು ಒಂದೇ ಸಾಲನ್ನು ಹಂಚಿಕೊಂಡರೆ ಈ ಏರಿಕೆ ತಡವಾಗಿ ಬರುತ್ತದೆ, ಆದರೆ ಬಂದಾಗ ಅಷ್ಟೇ ಕಡಿದಾಗಿರುತ್ತದೆ. ಯಾವ ಶೇಕಡಾವಾರಿನಲ್ಲಿ ನಿಮ್ಮ ಅಪ್ಲಿಕೇಶನ್ ಬಾಗಲು ತೊಡಗುತ್ತದೆ ಎಂಬುದನ್ನು ಲೋಡನ್ನು ಹಂತಹಂತವಾಗಿ ಏರಿಸಿ ನೀವೇ ಕಂಡುಕೊಳ್ಳಿ. ಆ ರೇಖಾಚಿತ್ರವನ್ನು ವ್ಯವಸ್ಥಾಪಕರ ಮುಂದಿಟ್ಟರೆ ವಾದವೇ ಬೇಕಾಗುವುದಿಲ್ಲ.

ಪ್ರಶ್ನೆ: ಸರಾಸರಿಯ ಬದಲು ಏನನ್ನು ನೋಡಬೇಕು?

ಉತ್ತರ: 95 ಮತ್ತು 99ನೇ ಪರ್ಸೆಂಟೈಲ್‌ಗಳನ್ನು, ಅವುಗಳ ಜೊತೆಗೆ ವಿಫಲವಾದ ರಿಕ್ವೆಸ್ಟ್‌ಗಳ ಪ್ರಮಾಣವನ್ನು. ಬೇಗ ಬಂದ ದೋಷ ಸಂದೇಶವೂ ಸರಾಸರಿಯನ್ನು ಚೆನ್ನಾಗಿ ಕಾಣಿಸುತ್ತದೆ ಎಂಬುದನ್ನು ಮರೆಯಬೇಡಿ. ‘ನೂರರಲ್ಲಿ ಒಂದು ತಾನೇ’ ಎಂದು 99ನೇ ಪರ್ಸೆಂಟೈಲನ್ನು ಬದಿಗೆ ಸರಿಸುವುದೂ ಸರಿಯಲ್ಲ: ಒಂದು ಪುಟಕ್ಕಾಗಿ 100 ಸೇವೆಗಳನ್ನು ಕೇಳಬೇಕಿದ್ದು, ಪ್ರತಿಯೊಂದೂ ನೂರರಲ್ಲಿ ಒಮ್ಮೆ ತಡವಾದರೆ, ಶೇಕಡಾ 63ರಷ್ಟು ಪುಟಗಳು ತಡವಾಗುತ್ತವೆ.

ಪ್ರಶ್ನೆ: ನಿಜವಾದ ವ್ಯವಸ್ಥೆಯ ನಾಲ್ಕನೇ ಒಂದು ಭಾಗದಷ್ಟು ಚಿಕ್ಕ ಪರಿಸರದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ನಾಲ್ಕರಿಂದ ಗುಣಿಸಬಹುದೇ?

ಉತ್ತರ: ಬೇಡ. ಅಪ್ಲಿಕೇಶನ್ ಸರ್ವರ್‌ಗಳನ್ನು ಗುಣಿಸಬಹುದು, ಆದರೆ ಡೇಟಾಬೇಸ್ ಕೋಷ್ಟಕದ ಒಂದೇ ಸಾಲನ್ನು ಬದಲಿಸಲು ಅವೆಲ್ಲವೂ ಸರದಿಯಂತೆ ಕಾಯಬೇಕಾದ ಲಾಕ್ ಗುಣಿತವಾಗುವುದಿಲ್ಲ. ಚಿಕ್ಕ ಡೇಟಾ ಪೂರ್ತಿಯಾಗಿ ಮೆಮೊರಿಯಲ್ಲಿ ಕುಳಿತು ಡಿಸ್ಕಿನ ನಿಧಾನವನ್ನು ಮರೆಮಾಡುತ್ತದೆ. ಕಡಿಮೆ ಬೆಲೆಯ ಕೆಲವು ಕ್ಲೌಡ್ ಯಂತ್ರಗಳು ಬಿಡುವಿನ ಹೊತ್ತಿನಲ್ಲಿ ಉಳಿತಾಯವಾದ ಸಿಪಿಯು ಕ್ರೆಡಿಟ್ (ವೇಗದ ಪಾಲು) ಮುಗಿಯುವವರೆಗೆ ಮಾತ್ರ ಪೂರ್ಣ ವೇಗದಲ್ಲಿ ಓಡುತ್ತವೆ. ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ಅದು ಮುಗಿಯದೇ ಇರಬಹುದು, ಆದ್ದರಿಂದ ಹೊರೆಯನ್ನು ಹಲವು ಗಂಟೆ ಬಿಡದೆ ಹಾಕುವ ಸೋಕ್ ಟೆಸ್ಟ್ ಒಮ್ಮೆಯಾದರೂ ಬೇಕು. ಕ್ಲೌಡ್‌ನಲ್ಲಿ ಪೂರ್ಣ ಗಾತ್ರದ ಪರಿಸರವನ್ನು ಒಂದು ದಿನದ ಮಟ್ಟಿಗೆ ಎಬ್ಬಿಸಿ, ಪರೀಕ್ಷೆ ಮುಗಿದ ಕೂಡಲೇ ಅಳಿಸಬಹುದು. ಸ್ವಂತ ಯಂತ್ರಗಳ ಕಾಲದಲ್ಲಿ ಈ ಅನುಕೂಲವಿರಲಿಲ್ಲ. ಹಾಗೆ ಮಾಡುವ ಮುನ್ನ ನಿಮ್ಮ ಖಾತೆಯ ಮಿತಿಗಳನ್ನೂ ಪರೀಕ್ಷೆಗೆ ಸಂಬಂಧಿಸಿದ ಸೇವಾದಾರರ ನಿಯಮಗಳನ್ನೂ ಓದಿಕೊಳ್ಳಿ, ಹಣ ಪಾವತಿಯಂಥ ಹೊರಗಿನ ಸೇವೆಗಳ ಜಾಗದಲ್ಲಿ ಅಷ್ಟೇ ತಡಮಾಡಿ ಉತ್ತರಿಸುವ ನಕಲಿ ಸೇವೆಯನ್ನು ಇಡಿ, ಮತ್ತು ಲೋಡ್ ಕಳಿಸುವ ಯಂತ್ರಗಳ ಸಿಪಿಯು ಬಳಕೆಯನ್ನೂ ದಾಖಲಿಸಿಕೊಳ್ಳಿ, ಏಕೆಂದರೆ ಅವೇ ಬಳಲಿದರೆ ಆ ತಡವೂ ಸರ್ವರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.