ಕಲ್ಲಂಗಡಿ ಊರಿನ ಹುಡುಗ, ಫಿನ್ಲೆಂಡಿನ ಐಸು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎಂಟು ವರ್ಷ. ದಿನಾ ಸಂಜೆ ರೋಲರ್ ಸ್ಕೇಟಿಂಗಿಗೆ ಹೋಗುತ್ತಾಳೆ. 2026ರ ಮಿಲಾನ್ ಒಲಿಂಪಿಕ್ಸ್ ನಡೆದಾಗ ಮೊಬೈಲಿನಲ್ಲಿ ಐಸ್ ಸ್ಕೇಟಿಂಗ್ ನೋಡುತ್ತಿದ್ದಳು. ಉಕ್ರೇನಿನ ಹುಡುಗನೊಬ್ಬ ಬಂದ. "ಅವರ ಊರಲ್ಲಿ ಯುದ್ಧ ಅಲ್ವಾ, ಇವನು ಪ್ರಾಕ್ಟೀಸ್ ಎಲ್ಲಿ ಮಾಡ್ತಾನೆ?" ಅಂದಳು. ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರು, "ಊರಿಗೆ ಬೆಂಕಿ ಬಿದ್ದಿದೆ, ಇವನಿಗೆ ಕುಣಿತ ಬೇರೆ ಕೇಡು" ಅಂದರು. ಇಬ್ಬರಿಗೂ ಏನು ಹೇಳಲಿ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಮಗಳಿಗೆ ಹೇಳೋಣ. ಅವಳ ಪ್ರಶ್ನೆಯೇ ಜಾಸ್ತಿ ಚೆನ್ನಾಗಿದೆ.

ಅವಳು ನೋಡಿದ ಹುಡುಗ ಕಿರಿಲೊ ಮಾರ್ಸಾಕ್. ಹುಟ್ಟಿದ್ದು 2004ರಲ್ಲಿ, ದಕ್ಷಿಣ ಉಕ್ರೇನಿನ ಖೆರ್ಸೊನ್‌ನಲ್ಲಿ. ಈಗ ಪ್ರಾಕ್ಟೀಸ್ ಮಾಡುವುದು ಫಿನ್ಲೆಂಡಿನ ಯೊಯೆನ್ಸು ಎಂಬ ಊರಿನಲ್ಲಿ. ಮ್ಯಾಪ್ ತೆಗೆದು ಎರಡು ಊರಿಗೂ ಬೆರಳಿಟ್ಟು ತೋರಿಸಿ. ನೇರ ಗೆರೆ ಎಳೆದರೂ 1,700 ಕಿ.ಮೀ. ದಾಟುತ್ತದೆ. ದಾವಣಗೆರೆಯಿಂದ ದಿಲ್ಲಿಗಿಂತ ದೂರ. ಒಂದು ತಮಾಷೆ ನೋಡಿ, ಇದನ್ನು ತಮಾಷೆ ಅನ್ನಬಹುದಾದರೆ: ರಷ್ಯಾದ ಫಿರಂಗಿ ತಪ್ಪಿಸಿಕೊಂಡು ಬಂದವನಿಗೆ ಸಿಕ್ಕ ಊರೂ ರಷ್ಯಾದ ಗಡಿಗೆ ಹತ್ತಿರವೇ. ಆದರೆ ಅಲ್ಲಿ ಗಡಿಯ ಈಚೆಗೆ ಯಾರೂ ಗುಂಡು ಹಾರಿಸುವುದಿಲ್ಲ. ಡಿಸೆಂಬರಿನಲ್ಲಿ ಹಗಲು ಬರೀ ಐದು ತಾಸು, ಅಷ್ಟೇ.

ಖೆರ್ಸೊನ್ ಅಂದರೆ ಉಕ್ರೇನಿನವರಿಗೆ ನೆನಪಾಗುವುದು ಕಲ್ಲಂಗಡಿ. ಬಿಸಿಲಿನ ನಾಡು, ದ್ನಿಪ್ರೊ ನದಿಯ ದಡ. 2022ರ ಫೆಬ್ರುವರಿ 24ರಂದು ಯುದ್ಧ ಶುರುವಾದಾಗ ಹುಡುಗನಿಗೆ 17 ವರ್ಷ. ಮಾರ್ಚ್ ಮೊದಲ ವಾರದ ಹೊತ್ತಿಗೆ ಊರು ರಷ್ಯಾದ ಕೈಗೆ ಹೋಯಿತು. ನವೆಂಬರ್ 11ಕ್ಕೆ ಉಕ್ರೇನ್ ಸೈನ್ಯ ವಾಪಸ್ ಗೆದ್ದುಕೊಂಡಿತು. ಜನ ಕಲ್ಲಂಗಡಿ ಚಿತ್ರ ಹಂಚಿಕೊಂಡು ಸಂಭ್ರಮಪಟ್ಟರು. ಆದರೆ ರಷ್ಯಾದ ಸೈನ್ಯ ಹೋಗಿ ಕೂತಿದ್ದು ಎಲ್ಲಿ? ನದಿಯ ಆಚೆ ದಡದಲ್ಲಿ. ಅಲ್ಲಿಂದ ಶೆಲ್ ಬೀಳುವುದು ನಿಲ್ಲಲಿಲ್ಲ. 2023ರ ಜೂನಿನಲ್ಲಿ ಮೇಲಿನ ಕಖೋವ್ಕಾ ಅಣೆಕಟ್ಟು ಒಡೆದು ನೀರೂ ನುಗ್ಗಿತು. ಊರು ಸಿಕ್ಕಿತಲ್ಲ, ವಾಪಸ್ ಹೋಗಬಹುದಲ್ಲ ಅಂತ ಯಾರಾದರೂ ಕೇಳಿದರೆ ಇದನ್ನು ಹೇಳಿ.

ಓಟಗಾರನಾದರೆ ಎಲ್ಲೋ ಒಂದು ರಸ್ತೆಯಲ್ಲಿ ಓಡಿಯಾನು. ಸ್ಕೇಟಿಂಗಿನವರಿಗೆ ಐಸ್ ಬೇಕು. ಐಸ್ ಅಂದರೆ ಕರೆಂಟು. ರಿಂಕಿನ, ಅಂದರೆ ಸ್ಕೇಟಿಂಗ್ ಅಂಗಳದ, ನೆಲದ ಕೆಳಗೆ ಸಾಲಾಗಿ ಪೈಪು ಇರುತ್ತವೆ. ಅದರಲ್ಲಿ ಕೊರೆಯುವಷ್ಟು ತಣ್ಣಗಿನ ದ್ರವ ಓಡುತ್ತಲೇ ಇರಬೇಕು. ಕರೆಂಟು ಹೋಗಿ ವಾಪಸ್ ಬರದಿದ್ದರೆ ರಿಂಕು ಕೆರೆಯಾಗುತ್ತದೆ. 2022ರ ಅಕ್ಟೋಬರಿನಿಂದ ರಷ್ಯಾ ಹೊಡೆಯತೊಡಗಿದ್ದೇ ವಿದ್ಯುತ್ ಸ್ಥಾವರಗಳಿಗೆ. ರಿಂಕುಗಳೂ ಉಳಿಯಲಿಲ್ಲ. ಸೆವೆರೊದೊನೆಟ್ಸ್ಕ್‌ನ ಐಸ್ ಅರಮನೆ 2022ರಲ್ಲಿ ಹೋಯಿತು. ದ್ರುಜ್ಕಿವ್ಕಾದ ಐಸ್ ಅರೀನಾಕ್ಕೆ 2023ರ ಜನವರಿ 2ರಂದು ಕ್ಷಿಪಣಿ ಬಿತ್ತು.

ನಾನು ಜೀವನದಲ್ಲಿ ಒಂದೇ ಸಲ ಐಸ್ ಮೇಲೆ ನಿಂತವಳು. ಅಕ್ಕನ ಮಗನ ಮನೆಗೆ ದುಬೈಗೆ ಹೋದಾಗ ಅಲ್ಲಿನ ಮಾಲ್‌ನಲ್ಲಿ. ಇಪ್ಪತ್ತು ವರ್ಷ ಕ್ರೀಡಾಪುಟ ಮಾಡಿದ ಜಂಬ ಬೇರೆ. ಬಾಡಿಗೆ ಬೂಟು ಹಾಕಿಕೊಂಡು ಕಂಬಿ ಹಿಡಿದೆ. ಐದನೇ ನಿಮಿಷಕ್ಕೆ ಬಿದ್ದೆ. ಕೂತಲ್ಲೇ ಬೂಟಿನ ತಳ ನೋಡಿದೆ. ಬ್ಲೇಡು ಚಾಕುವಿನಂತೆ ಚೂಪಲ್ಲ. ನಡುವೆ ಉದ್ದಕ್ಕೂ ಸಣ್ಣ ತೋಡು, ಎರಡೂ ಬದಿಗೆ ಒಂದೊಂದು ಅಂಚು. ಇವರು ಅದರಲ್ಲಿ ಒಂದು ಅಂಚಿನ ಮೇಲೆ ಓಡುತ್ತಾರೆ, ಹಾರುತ್ತಾರೆ, ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಒಂದೇ ಕಾಲಿನ ಮೇಲೆ ಇಳಿಯುತ್ತಾರೆ. ಬೂಟು ಕಾಲಿಗೆ ಒಗ್ಗುವುದಕ್ಕೇ ವಾರಗಟ್ಟಲೆ ಬೇಕು. ಬ್ಲೇಡಿಗೆ ಸಾಣೆ ಹಿಡಿಯುವವನಿಗೆ ನಿಮ್ಮ ಅಳತೆ ಗೊತ್ತಿರಬೇಕು. ಹದಿನೇಳು, ಹದಿನೆಂಟು ಅಂದರೆ ಮೈ ಬೆಳೆಯುವ, ಭಾರ ಬದಲಾಗುವ ವಯಸ್ಸು. ಆ ಹೊತ್ತಿನಲ್ಲೇ ದೇಶ, ಕೋಚು, ಭಾಷೆ ಎಲ್ಲ ಬದಲಾದರೆ ಹೇಗಿರುತ್ತದೆ, ಯೋಚಿಸಿ. ಮಾರ್ಸಾಕ್ ಮಿಲಾನ್ ತನಕ ಬಂದ. ಅದೇ ಐಸ್ ಮೇಲೆ ರಷ್ಯಾದ ಹುಡುಗನೊಬ್ಬನೂ ಇದ್ದ, ದೇಶದ ಹೆಸರಿಲ್ಲದೆ, ತಟಸ್ಥ ಆಟಗಾರನಾಗಿ.

ಇನ್ನು ನಿಮ್ಮ ಯಜಮಾನರಿಗೆ. ಅವರ ಮಾತು ಒರಟಾಗಿದೆ, ಆದರೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಉಕ್ರೇನಿನ ಸ್ಕೇಟರುಗಳೇ ಇದನ್ನು ತಮ್ಮಲ್ಲೇ ಕೇಳಿಕೊಂಡಂತೆ ಕಾಣುತ್ತದೆ. ಕೀವ್‌ನ ಇವಾನ್ ಶ್ಮುರಾಟ್ಕೊ ಬೀಜಿಂಗ್ ಒಲಿಂಪಿಕ್ಸ್ ಮುಗಿಸಿದ ಕೆಲವೇ ದಿನಕ್ಕೆ ಯುದ್ಧ ಶುರುವಾಯಿತು. ಮಾರ್ಚ್ ಕೊನೆಗೆ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್. ಹೋದ. ಮಿರಿಮಿರಿ ಮಿಂಚುವ ಉಡುಪಿಲ್ಲ. ಉಕ್ರೇನ್ ತಂಡದ ಟೀ ಶರ್ಟ್ ಹಾಕಿಕೊಂಡು ಮೊದಲ ಸುತ್ತು ಆಡಿದ. ಎರಡನೇ ಸುತ್ತಿಗೆ ಅರ್ಹತೆ ಸಿಕ್ಕರೂ ಹಿಂದೆ ಸರಿದ. ಖಾರ್ಕಿವ್‌ನ ಜೋಡಿ ನಜರೋವಾ ಮತ್ತು ನಿಕಿಟಿನ್ ಕೂಡ ಪ್ರಾಕ್ಟೀಸ್ ಬಟ್ಟೆಯಲ್ಲೇ ಐಸ್ ಮೇಲೆ ಬಂದು, ಒಂದು ಸುತ್ತು ಆಡಿ ನಿಲ್ಲಿಸಿದರು. ಕುಣಿಯಬೇಕು, ಹಾಗಂತ ಪೂರ್ತಿ ಕುಣಿಯಲಾರೆವು. ಆ ಅರ್ಧ ಆಟ ನನಗೆ ಅನೇಕ ಪದಕಗಳಿಗಿಂತ ಚೆನ್ನಾಗಿ ನೆನಪಿದೆ.

ಯುದ್ಧಕ್ಕೇ ಹೋದವರೂ ಇದ್ದಾರೆ. ದ್ಮಿಟ್ರೊ ಶಾರ್ಪರ್ 2016ರಲ್ಲಿ ಲಿಲೆಹಾಮರ್‌ನ ಯುವ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಕೇಟಿಂಗ್ ಆಡಿದವನು. 2023ರ ಜನವರಿಯಲ್ಲಿ ಬಖ್ಮುತ್ ಹತ್ತಿರ ಕಾಳಗದಲ್ಲಿ ಸತ್ತ. 25 ವರ್ಷ. ಈ ಸಲ ಮಿಲಾನ್ ಕೂಟದಲ್ಲಿ ಉಕ್ರೇನಿನ ಹೆರಾಸ್ಕೆವಿಚ್ ಎಂಬ ಸ್ಕೆಲಿಟನ್ (ಐಸ್ ಹಾದಿಯಲ್ಲಿ ಸಣ್ಣ ಜಾರುಬಂಡಿಯ ಮೇಲೆ ಬೋರಲು ಮಲಗಿ ಜಾರುವ ಆಟ) ಆಟಗಾರ, ಯುದ್ಧದಲ್ಲಿ ಸತ್ತ ಕ್ರೀಡಾಪಟುಗಳ ಚಿತ್ರವಿದ್ದ ಹೆಲ್ಮೆಟ್ ತೆಗೆಯಲೊಲ್ಲೆ ಅಂದಿದ್ದಕ್ಕೆ ಸ್ಪರ್ಧೆಯಿಂದ ಹೊರಬಿದ್ದನಲ್ಲ, ಅದರಲ್ಲಿ ಶಾರ್ಪರನ ಮುಖವೂ ಇತ್ತು. ಇಬ್ಬರೂ ಲಿಲೆಹಾಮರ್‌ನಲ್ಲಿ ಒಂದೇ ತಂಡದವರು.

ಒಬ್ಬ ಹೋಗಿ ಸತ್ತ, ಇನ್ನೊಬ್ಬ ಫಿನ್ಲೆಂಡಿಗೆ ಹೋಗಿ ಕುಣಿದ. ಯಾರದು ಸರಿ ಅಂತ ದಾವಣಗೆರೆಯಲ್ಲಿ ಕೂತು ಅವರು, ಬೆಂಗಳೂರಿನಲ್ಲಿ ಕೂತು ನಾನು ತೀರ್ಪು ಕೊಡುವುದು ಬೇಡ. ಇಷ್ಟು ಮಾತ್ರ ಕೇಳಿ: ಅವನು ಕುಣಿಯದಿದ್ದರೆ ಆ ರಾತ್ರಿ ನಿಮ್ಮ ಮನೆಯಲ್ಲಿ ಉಕ್ರೇನಿನ ಮಾತು ಬರುತ್ತಿತ್ತಾ?

ಪ್ರಶ್ನೆ: ಉಕ್ರೇನಿನ ಸ್ಕೇಟರುಗಳು ಈಗ ಇರುವುದು ಬೇರೆ ದೇಶದಲ್ಲಿ, ಕಲಿಯುವುದೂ ಅಲ್ಲೇ. ಹಾಗಿದ್ದರೆ ಆ ದೇಶದ ಪರವಾಗಿಯೇ ಆಡಬಹುದಲ್ಲ?
ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆಡಬಹುದು, ನಿಯಮ ಇದೆ. ಹಳೆಯ ದೇಶದ ಸ್ಕೇಟಿಂಗ್ ಒಕ್ಕೂಟ ಆಟಗಾರನನ್ನು ಬಿಟ್ಟುಕೊಡಬೇಕು, ಆಮೇಲೆ ಒಂದು ವರ್ಷ ಅಂತರರಾಷ್ಟ್ರೀಯ ಸ್ಪರ್ಧೆ ಇಲ್ಲದೆ ಕಾಯಬೇಕು. ಒಲಿಂಪಿಕ್ಸ್ ಬೇಕೆಂದರೆ ಹೊಸ ದೇಶದ ಪೌರತ್ವವೂ ಬೇಕು. ಅಲ್ಯೋನಾ ಸಾವ್ಚೆಂಕೊ ಹಾಗೆ ಹೋದವರು. 2002ರಲ್ಲಿ ಉಕ್ರೇನ್ ಪರ ಆಡಿ, ಆಮೇಲೆ ಜರ್ಮನಿಗೆ ಹೋಗಿ, 2018ರಲ್ಲಿ 34ನೇ ವಯಸ್ಸಿಗೆ ಜೋಡಿ ಸ್ಕೇಟಿಂಗ್ ಚಿನ್ನ ಗೆದ್ದರು. ಯಾರೂ ಅವರನ್ನು ಓಡಿಸಿರಲಿಲ್ಲ, ಒಳ್ಳೆಯ ಜೊತೆಗಾರ ಬೇಕು ಅಂತ ಹೋದರು. ತಪ್ಪಿಲ್ಲ. ಊರು ಬಿಡಿಸಿದವರ ಮುಂದೆ ಊರಿನ ಹೆಸರನ್ನೂ ಬಿಡುವುದು ಬೇರೆ ವಿಷಯ. ಮಾರ್ಸಾಕ್ ಬಿಟ್ಟಿಲ್ಲ.

ಪ್ರಶ್ನೆ: ರೋಲರ್ ಕಲಿತವರು ಐಸ್‌ಗೆ ಹೋಗಬಹುದಾ? ನಮ್ಮ ದೇಶದಲ್ಲಿ ರಿಂಕ್ ಎಲ್ಲಿದೆ?
ಇನ್ನೊಬ್ಬ ತಾಯಿ, ಬೆಳಗಾವಿ

ಉತ್ತರ: ಹೋಗಬಹುದು, ಕಾಲಿನ ಮೇಲೆ ಮೈಭಾರ ಹಾಕುವ ಅಂದಾಜು ಅದೇ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ರಿಂಕ್ ಇದೆ. ಶಿಮ್ಲಾದಲ್ಲಿ ಹಳೆಯ ಬಯಲು ರಿಂಕ್ ಇದೆ, ಅದು ಚಳಿಗಾಲಕ್ಕೆ ಮಾತ್ರ. ಹೋಗುವುದಾದರೆ ಮಗುವಿಗೆ ದಪ್ಪ ಕಾಲುಚೀಲ ಬೇಡ, ತೆಳುವಾದದ್ದು ಹಾಕಿ, ಬೂಟು ಬಿಗಿಯಾಗಿ ಕೂರುತ್ತದೆ. ನಾನು ದುಬೈಯಲ್ಲಿ ಎರಡು ಜೊತೆ ಉಲ್ಲನ್ ಹಾಕಿಕೊಂಡು ಹೋಗಿದ್ದೆ.