ಓದುಗರ ಪ್ರಶ್ನೆ: ಲಾಶೀನ್ ಕಾಲುವೆಯ ದಂಡೆಯಲ್ಲಿ ಸೈಕಲ್ ಸವಾರಿ

ಕೆನಡಾದ ಮಾಂಟ್ರಿಯಲ್ ನಗರದಲ್ಲಿರುವ ಲಾಶೀನ್ ಕಾಲುವೆ ಮತ್ತು ಅದರ ದಂಡೆಯ ಡಾಂಬರು ಸೈಕಲ್ ದಾರಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಮಾತು ಬರೆದಿದ್ದೆ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿರುವುದರಿಂದಲೋ ಏನೋ, ಉಡುಪಿ ಮತ್ತು ಮಂಗಳೂರಿನಿಂದ ಅದೇ ವಿಷಯವಾಗಿ ಪತ್ರಗಳು ಬಂದಿವೆ. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು 63 ವರ್ಷದ ನಿವೃತ್ತ ಶಿಕ್ಷಕ. ಶಾಲೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ; ಈಗ ಹತ್ತು ವರ್ಷಗಳಿಂದ ಅಭ್ಯಾಸ ತಪ್ಪಿದೆ. ಜೂನ್ ತಿಂಗಳಲ್ಲಿ ಮಾಂಟ್ರಿಯಲ್‌ನ ಮಗಳ ಮನೆಗೆ ಹೋಗಲಿದ್ದೇನೆ. ನೀವು ಬರೆದ ಆ ದಾರಿಯನ್ನು ಈ ವಯಸ್ಸಿನಲ್ಲಿ ಪೂರ್ತಿ ಕ್ರಮಿಸಲು ಸಾಧ್ಯವೇ? ಸಿದ್ಧತೆ ಏನು ಬೇಕು?
– ಓದುಗರು, ಕುಂಜಿಬೆಟ್ಟು, ಉಡುಪಿ

ಖಂಡಿತ ಸಾಧ್ಯ. ಕಾಲುವೆಯ ಉದ್ದ ಸುಮಾರು 14 ಕಿ.ಮೀ. ನಗರದ ಹಳೆಯ ಬಂದರಿನಲ್ಲಿ ಶುರುವಾಗುವ ದಾರಿ ಪಶ್ಚಿಮಕ್ಕೆ ಸಾಗಿ ಸೇಂಟ್ ಲೂಯಿ ಸರೋವರದ ದಡದಲ್ಲಿ ಮುಗಿಯುತ್ತದೆ. ಇಷ್ಟು ದೂರದಲ್ಲಿ ನೀವು ಏರುವುದು ಒಟ್ಟು 14 ಮೀಟರಿನಷ್ಟು ಮಾತ್ರ. ಮಣಿಪಾಲದ ಗುಡ್ಡ ಹತ್ತಿದವರಿಗೆ ಅದು ಏರು ಎಂದು ಅನ್ನಿಸುವುದೇ ಇಲ್ಲ. ಕಾಲನ್ನು ದಣಿಸುವುದು ಏರಲ್ಲ, ಗಾಳಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಆದ್ದರಿಂದ ಬಂದರಿನಿಂದ ಹೊರಟು ಎದುರುಗಾಳಿಯನ್ನು ಮೊದಲೇ ಮುಗಿಸಿಕೊಂಡರೆ ಮರಳುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ. ಮೊದಲ ದಿನವೇ ಸರೋವರ ಮುಟ್ಟಬೇಕೆಂಬ ಹಟ ಬೇಡ. ಬಂದರಿನಿಂದ ಸುಮಾರು 4 ಕಿ.ಮೀ. ದೂರದಲ್ಲಿ ಆಟ್‌ವಾಟರ್ ಮಾರುಕಟ್ಟೆಯಿದೆ. 1933ರಲ್ಲಿ ಕಟ್ಟಿದ ಅದರ ಗಡಿಯಾರದ ಗೋಪುರ ದೂರದಿಂದಲೇ ಕಾಣುತ್ತದೆ. ಅಲ್ಲಿಯವರೆಗೆ ಹೋಗಿ, ಹಣ್ಣು ತಿಂದು ಹಿಂದಿರುಗಿ. ಮೈ ಹೇಗಿದೆಯೆಂದು ನೋಡಿಕೊಂಡು ಮುಂದಿನ ವಾರ ಉಳಿದ ದಾರಿಗೆ ಹೊರಡಬಹುದು.

ಅಭ್ಯಾಸಕ್ಕೆ ನಿಮ್ಮ ಊರಿನಲ್ಲೇ ತಕ್ಕ ಜಾಗವಿದೆ. ಮಲ್ಪೆಯ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಇರುವ ರಸ್ತೆ ಸಪಾಟಾಗಿದೆ. ಕಡಲ ಗಾಳಿಯೂ ಸಿಗುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ದಿನಕ್ಕೆ ಐದಾರು ಕಿ.ಮೀ.ನಿಂದ ಆರಂಭಿಸಿ ಒಂದೂವರೆ ತಿಂಗಳಲ್ಲಿ ಇಪ್ಪತ್ತಕ್ಕೆ ಬನ್ನಿ. ಸೀಟಿನ ಎತ್ತರವನ್ನು ಮಾತ್ರ ಸರಿಯಾಗಿ ಹೊಂದಿಸಿಕೊಳ್ಳಬೇಕು. ಸೀಟಿನ ಮೇಲೆ ಕುಳಿತು ಪೆಡಲನ್ನು ತೀರ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು; ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಹದವಾಗಿ ಬಾಗುತ್ತದೆ. ನಮ್ಮಲ್ಲಿ ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲೆಂದು ಸೀಟನ್ನು ತಗ್ಗಿಸಿಕೊಳ್ಳುವವರೇ ಹೆಚ್ಚು. ಅದರಿಂದಲೇ ಮಂಡಿನೋವು ಬರುತ್ತದೆ, ದೂಷಣೆ ಮಾತ್ರ ವಯಸ್ಸಿನ ಮೇಲೆ ಬೀಳುತ್ತದೆ.

ಇನ್ನು ಸುರಕ್ಷತೆಯ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ಅಲ್ಲಿ ಸಂಚಾರ ಬಲಬದಿಯಲ್ಲಿ. ಮುಂದೆ ಹೋಗುವವರನ್ನು ಎಡಗಡೆಯಿಂದ ದಾಟಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದಿರುವುದು ಬ್ರೇಕಿನ ವಿಷಯ. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನ ಚಕ್ರಕ್ಕೆ. ಉತ್ತರ ಅಮೆರಿಕದಲ್ಲಿ ಇದು ತಿರುಗುಮುರುಗು. ಮಗನ ಮನೆಗೆ ಹೋಗಿದ್ದ ಮೊದಲ ಬೇಸಿಗೆಯಲ್ಲಿ ನಾನು ಅದೇ ಕಾಲುವೆಯ ದಂಡೆಯಲ್ಲಿ ಹೋಗುತ್ತಿದ್ದಾಗ, ಹುಡುಗಿಯೊಬ್ಬಳ ಚೆಂಡು ಅಡ್ಡ ಬಂತು. ಹಿಂದಿನ ಚಕ್ರ ನಿಲ್ಲಲೆಂದು ಎಡಗೈಯನ್ನು ಬಿಗಿಯಾಗಿ ಹಿಡಿದೆ. ಮುಂದಿನ ಚಕ್ರ ಅಲ್ಲೇ ಕಚ್ಚಿಕೊಂಡು ನಾನು ಹಿಡಿಕೆಯ ಮೇಲಿನಿಂದ ಹುಲ್ಲಿಗೆ ಬಿದ್ದೆ. ಅಂಗೈ ತರಚಿತು, ಮೂಳೆ ಉಳಿಯಿತು. ನೀವು ಸೈಕಲ್ ಹತ್ತುವ ಮೊದಲು ಅದನ್ನು ಕೈಯಲ್ಲಿ ಹಿಡಿದು ನಡೆಸುತ್ತ ಒಂದೊಂದೇ ಬ್ರೇಕ್ ಒತ್ತಿ ನೋಡಿ. ಯಾವ ಚಕ್ರ ನಿಲ್ಲುತ್ತದೆಂದು ಕೈ ಕಲಿತುಕೊಳ್ಳುವವರೆಗೆ ಹೊರಡಬೇಡಿ.

ಕಾಲುವೆಯನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆ ಈ ದಾರಿಯಲ್ಲಿ ಗಂಟೆಗೆ 20 ಕಿ.ಮೀ. ವೇಗಮಿತಿ ಇಟ್ಟಿದೆ. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಬೆಳಗ್ಗೆ ಮತ್ತು ಸಂಜೆ ಕಚೇರಿಗೆ ಹೋಗಿಬರುವವರ ಓಟ ಜೋರಾಗಿರುತ್ತದೆ. ಹಿಂದಿನಿಂದ ಫ್ರೆಂಚಿನಲ್ಲಿ "ಆ ಗೋಶ್" ಎಂದು ಕೂಗಿದರೆ ಎಡಗಡೆಯಿಂದ ಬರುತ್ತಿದ್ದೇನೆ ಎಂದರ್ಥ. ನೀವು ಗಾಬರಿಯಾಗಿ ತಿರುಗಿ ನೋಡದೆ ಬಲಬದಿಯಲ್ಲೇ ನೇರ ಸಾಗಿದರೆ ಸಾಕು. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೈಕಲ್ ಓಡಿಸುವುದು ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಕಾನೂನಿಗೆ ವಿರುದ್ಧ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂಮುಕ್ಕಾಲರ ಹೊತ್ತಿಗೆ. ಬೆಳಕಿದೆಯೆಂದು ನಂಬಿ ದೂರ ಹೋಗಿ ಹೊತ್ತು ಮೀರಿಸಿಕೊಳ್ಳುವುದು ಹೊಸಬರಿಗೆ ಆಗುವಂಥದ್ದೇ.

ಸೈಕಲ್ ಕೊಳ್ಳುವ ಅಗತ್ಯವಿಲ್ಲ. 2009ರಲ್ಲಿ ಆರಂಭವಾದ ಬಿಕ್ಸಿ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆಯಲ್ಲಿ ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು. ಆದರೆ ಅದು ತೂಕದ ಸೈಕಲ್, ಬಾಡಿಗೆಯೂ ಸಮಯಕ್ಕೆ ತಕ್ಕಂತೆ ಏರುತ್ತದೆ. ನಿಧಾನವಾಗಿ, ನಿಂತು ನಿಂತು ನೋಡುತ್ತ ಹೋಗುವ ನಿಮ್ಮಂಥವರಿಗೆ ಅಂಗಡಿಯಲ್ಲಿ ಇಡೀ ದಿನಕ್ಕೆ ಬಾಡಿಗೆಗೆ ಪಡೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ನಿಂತು ನೋಡದೆ ಈ ದಾರಿಯನ್ನು ಮುಗಿಸಿದರೆ, ಎಲ್ಲ ಊರುಗಳಲ್ಲೂ ಸಿಗುವ ಒಂದು ಡಾಂಬರು ರಸ್ತೆಯಲ್ಲಿ ಹೋಗಿಬಂದಂತಷ್ಟೇ ಆಗುತ್ತದೆ.

ಪ್ರಶ್ನೆ: ಕಾಲುವೆಯಲ್ಲಿ ದೋಣಿಗಳು "ಮೆಟ್ಟಿಲು ಹತ್ತುತ್ತವೆ" ಎಂದು ಬರೆದಿದ್ದೀರಿ. ಪಂಪು ಇಲ್ಲದೆ ಅದು ಹೇಗೆ? ಪಕ್ಕದಲ್ಲೇ ದೊಡ್ಡ ನದಿ ಇರುವಾಗ ಕಾಲುವೆ ಕಡಿದದ್ದಾದರೂ ಏಕೆ?
– ವಿದ್ಯಾರ್ಥಿನಿ, ಸುರತ್ಕಲ್

ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಸೇಂಟ್ ಲಾರೆನ್ಸ್ ಮಹಾನದಿ ಅಟ್ಲಾಂಟಿಕ್ ಸಾಗರದಿಂದ ಹಡಗುಗಳನ್ನು ಮಾಂಟ್ರಿಯಲ್‌ವರೆಗೆ ತಂದು ಬಿಡುತ್ತಿತ್ತು. ಅಲ್ಲಿಂದ ಮೇಲಕ್ಕೆ ಬಂಡೆಗಳ ನಡುವೆ ನೀರು ಧುಮುಕುವ ಲಾಶೀನ್ ರಭಸದಲ್ಲಿ ಹಡಗು ಹೋಗುವಂತಿರಲಿಲ್ಲ. ಸರಕನ್ನೆಲ್ಲ ಇಳಿಸಿ, ನೆಲದ ಮೇಲೆ ಸಾಗಿಸಿ, ಸರೋವರದ ದಡದಲ್ಲಿ ಮತ್ತೆ ದೋಣಿಗೆ ಹೇರಬೇಕಿತ್ತು. ಲಾಶೀನ್ ಎಂದರೆ ಫ್ರೆಂಚಿನಲ್ಲಿ "ಚೀನಾ". ಈ ನದಿಯಲ್ಲಿ ಮೇಲಕ್ಕೆ ಹೋದರೆ ಚೀನಾ ದೇಶ ಸಿಗುತ್ತದೆಂದು ನಂಬಿದ್ದ 17ನೆಯ ಶತಮಾನದ ಅನ್ವೇಷಕ ಲಾಸಾಲ್‌ನನ್ನು ಅಣಕಿಸಿ ಜನ ಆ ಹೆಸರಿಟ್ಟರೆಂದು ಹೇಳುತ್ತಾರೆ. ಆ ರಭಸವನ್ನು ತಪ್ಪಿಸಿ ಸುತ್ತಿಹೋಗಲು 1821ರಲ್ಲಿ ಅಗೆತ ಆರಂಭವಾಗಿ 1825ರಲ್ಲಿ ಕಾಲುವೆ ಸಂಚಾರಕ್ಕೆ ತೆರೆಯಿತು. ಅಗೆದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ವಲಸೆ ಬಂದ ಬಡವರು. ಗುದ್ದಲಿ, ಸಲಿಕೆಗಳಿಂದಲೇ ಅಗೆದರು. 1840ರ ದಶಕದಲ್ಲಿ ಕಾಲುವೆಯನ್ನು ಅಗಲಗೊಳಿಸುವ ಕೆಲಸ ನಡೆದಾಗ, 1843ರಲ್ಲಿ ಐರಿಷ್ ಕೂಲಿಕಾರರು ಸಂಬಳಕ್ಕಾಗಿ ಮುಷ್ಕರ ಹೂಡಬೇಕಾಯಿತು. ನುಣುಪಾದ ದಾರಿಯಲ್ಲಿ ಚಕ್ರ ಉರುಳಿಸುವಾಗ ನನಗೆ ಅವರ ನೆನಪು ಬರದೆ ಇದ್ದದ್ದಿಲ್ಲ.

ಇನ್ನು ಮೆಟ್ಟಿಲು. ನಮ್ಮ ಕರಾವಳಿಯ ತೋಡುಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟುಗಳನ್ನು ನೀವು ನೋಡಿರುತ್ತೀರಿ. ಮಳೆಗಾಲ ಕಳೆದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿದರೆ ಮೇಲ್ಗಡೆ ನೀರು ಎತ್ತರದಲ್ಲಿ ನಿಲ್ಲುತ್ತದೆ, ಕೆಳಗಡೆ ತಗ್ಗಿನಲ್ಲಿ ಉಳಿಯುತ್ತದೆ. ಅಂಥ ಎರಡು ಕಟ್ಟಗಳನ್ನು ಒಂದು ದೋಣಿ ಹಿಡಿಸುವಷ್ಟು ಅಂತರದಲ್ಲಿ ಹಿಂದುಮುಂದಾಗಿ ಕಟ್ಟಿ, ಹಲಗೆಯ ಬದಲು ತೆರೆದು ಮುಚ್ಚುವ ಬಾಗಿಲು ಇಟ್ಟರೆ ಅದೇ ಲಾಕ್. ಕೆಳಗಿನಿಂದ ಬಂದ ದೋಣಿ ಒಳಗೆ ಬಂದೊಡನೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಮೇಲ್ಗಡೆಯ ನೀರನ್ನು ಸಣ್ಣ ಕಂಡಿಗಳ ಮೂಲಕ ಒಳಗೆ ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಒಳಗಿನ ಮತ್ತು ಮೇಲಿನ ನೀರು ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಇಳಿಯುವ ದೋಣಿಗೆ ಇದೇ ಕ್ರಮ, ಹಿಂದುಮುಂದಾಗಿ. ಪಂಪು ಬೇಕಿಲ್ಲ, ಎಲ್ಲವೂ ನೀರಿನ ಸ್ವಂತ ಭಾರದಿಂದಲೇ ನಡೆಯುತ್ತದೆ. ಬಾಗಿಲಿನ ಎರಡು ಕದಗಳು ನೇರವಾಗಿ ಕೂಡದೆ ಮೇಲ್ಗಡೆಯ ನೀರಿಗೆ ಮೊನೆ ಮಾಡಿ ಕೂಡುತ್ತವೆ. ಆದ್ದರಿಂದ ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. 1825ರ ಕಾಲುವೆಯಲ್ಲಿ ಇಂಥ 7 ಲಾಕ್‌ಗಳಿದ್ದವು, ಈಗ ಇರುವುದು 5.

ಮೂರನೆಯದಾದ ಸೇಂಟ್ ಗೇಬ್ರಿಯಲ್ ಲಾಕಿನ ಅಂಚಿನಲ್ಲಿ ಸೈಕಲ್ ಒರಗಿಸಿ ನಾನು ಒಂದು ಬೆಳಗ್ಗೆ ಪೂರ್ತಿ ಕುಳಿತಿದ್ದೆ. ಸಣ್ಣದೊಂದು ಬಿಳಿ ದೋಣಿ ಒಳಗೆ ಬಂತು. ಅದರಲ್ಲಿದ್ದ ಮುದುಕ ದಂಪತಿಗಳ ತಲೆ ನನ್ನ ಪಾದಕ್ಕಿಂತ ಎಷ್ಟೋ ಕೆಳಗಿತ್ತು. ಗೋಡೆಯಿಂದ ಇಳಿಬಿದ್ದ ಹಗ್ಗವನ್ನು ಇಬ್ಬರೂ ಹಿಡಿದುಕೊಂಡರು. ನೀರು ತಳದಿಂದ ಗುಳುಗುಳು ಉಕ್ಕತೊಡಗಿತು. ಕಲ್ಲಿನ ಗೋಡೆಯ ಮೇಲಿನ ಹಸಿರು ಪಾಚಿಯ ಗೆರೆಗಳು ಒಂದೊಂದಾಗಿ ಮುಳುಗಿದವು. ಆ ಹೆಂಗಸು ಸಡಿಲವಾದ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತಿದ್ದರು. ಕೆಲವೇ ನಿಮಿಷಗಳಲ್ಲಿ ಅವರ ಮುಖ ನನ್ನ ಮುಖಕ್ಕೆ ಸಮವಾಗಿ ಬಂತು. ಅವರು ನಕ್ಕು "ಬೋಂಜೂರ್" ಎಂದರು. ದೋಣಿಗಳ ಸಂಚಾರ ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಇರುತ್ತದೆ. ನೀವು ಎಂದಾದರೂ ಹೋಗುವುದಾದರೆ ಆ ತಿಂಗಳುಗಳಲ್ಲಿಯೇ ಹೋಗಿ.

ಪ್ರಶ್ನೆ: ಐದು ವರ್ಷದ ಮೊಮ್ಮಗನನ್ನು ಆ ದಾರಿಯಲ್ಲಿ ಕರೆದೊಯ್ಯಬಹುದೇ? ಕಾಲುವೆಯಲ್ಲಿ ಈಜಬಹುದೇ?
– ಗೃಹಿಣಿ, ಕಂಕನಾಡಿ

ಕರೆದೊಯ್ಯಬಹುದು. ಸೈಕಲ್ಲಿನ ಹಿಂದೆ ಕಟ್ಟುವ ಎರಡು ಚಕ್ರದ ಮಕ್ಕಳ ಗಾಡಿ ಅಲ್ಲಿ ಬಾಡಿಗೆಗೆ ಸಿಗುತ್ತದೆ. ಹೆಲ್ಮೆಟ್ ತಪ್ಪಿಸಬೇಡಿ, ವಾರಾಂತ್ಯದ ಮಧ್ಯಾಹ್ನದ ಜನಜಂಗುಳಿಯನ್ನು ತಪ್ಪಿಸಿ. ಲಾಕಿನ ಅಂಚಿನಲ್ಲಿ ಮಗುವಿನ ಕೈ ಬಿಡಬೇಡಿ, ಅಲ್ಲಿ ಗೋಡೆ ನೆಟ್ಟಗೆ ನೀರಿಗೆ ಇಳಿಯುತ್ತದೆ. ಈಜು ನಿಷಿದ್ಧ. ನೂರು ವರ್ಷಕ್ಕೂ ಹೆಚ್ಚು ಕಾಲ ಕಾರ್ಖಾನೆಗಳಿಂದ ಹರಿದ ಭಾರಲೋಹಗಳು ಕಾಲುವೆಯ ತಳದ ಕೆಸರಿನಲ್ಲಿ ಇನ್ನೂ ಉಳಿದಿವೆ.

ಪ್ರಶ್ನೆ: ನನ್ನ ಅಜ್ಜ ಹಂಚಿನ ಕಾರ್ಖಾನೆಗೆ ಆವೆಮಣ್ಣು ತರುವ ದೋಣಿಯಲ್ಲಿ ದುಡಿದವರು. ಈಗ ನಮ್ಮ ನೇತ್ರಾವತಿಯ ದಡದಲ್ಲಿ ನಡಿಗೆಪಥದ ಕೆಲಸ ಕೈಗೊಂಡಿದ್ದಾರೆ. ಲಾಶೀನ್‌ನಂಥ ಸೈಕಲ್ ದಾರಿ ಇಲ್ಲಿಯೂ ಆಗಲು ಸಾಧ್ಯವೇ?
– ಓದುಗರು, ಬೋಳಾರ, ಮಂಗಳೂರು

ನಿಮ್ಮ ಪತ್ರ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಎರಡು ದಡಗಳಿಗೂ ಹೋಲಿಕೆಯಿದೆ. ಲಾಶೀನ್ ಕಾಲುವೆ ದೋಣಿಗೆ ದಾರಿ ಕೊಟ್ಟದ್ದಷ್ಟೇ ಅಲ್ಲ. ಅದರ ನೀರಿನ ಇಳಿತವನ್ನು ಬಳಸಿ ಯಂತ್ರ ತಿರುಗಿಸಲು ಹಿಟ್ಟಿನ ಗಿರಣಿ, ಮೊಳೆ ಕಾರ್ಖಾನೆಗಳು ದಡಕ್ಕೆ ಬಂದು ಕುಳಿತವು, 1854ರಲ್ಲಿ ರೆಡ್‌ಪಾತ್ ಸಕ್ಕರೆ ಕಾರ್ಖಾನೆಯೂ ಬಂತು. ನೇತ್ರಾವತಿಯ ದಡದಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು ಅಲ್ಲಿಂದ ಹನ್ನೊಂದು ವರ್ಷಕ್ಕೆ. ಇಲ್ಲಿ ನದಿ ಯಂತ್ರ ತಿರುಗಿಸಲಿಲ್ಲ, ಮಣ್ಣನ್ನು ಹೊತ್ತು ತಂದಿತು. ಆಮೇಲಿನ ಕಥೆಯೂ ಒಂದೇ ಬಗೆಯದು. ಅಲ್ಲಿ 1959ರಲ್ಲಿ ದೊಡ್ಡ ಹಡಗುಗಳಿಗಾಗಿ ಸೇಂಟ್ ಲಾರೆನ್ಸ್ ಸೀವೇ ಎಂಬ ಹೊಸ ಜಲಮಾರ್ಗ ತೆರೆದ ಮೇಲೆ ಕಾಲುವೆ ಕೆಲಸವಿಲ್ಲದಂತಾಗಿ 1970ರಲ್ಲಿ ಮುಚ್ಚಿತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಆದರೆ ದಂಡೆಯ ನೆಲ ಸರ್ಕಾರದ ಕೈಯಲ್ಲೇ ಉಳಿದದ್ದರಿಂದ ಆ ದಶಕದ ಕೊನೆಯ ಹೊತ್ತಿಗೆ ಸೈಕಲ್ ದಾರಿ ಸಾಧ್ಯವಾಯಿತು. 2002ರಲ್ಲಿ ವಿಹಾರದ ದೋಣಿಗಳಿಗೆ ಕಾಲುವೆ ಮತ್ತೆ ತೆರೆಯಿತು. ದಡ ಅಖಂಡವಾಗಿ ಸಾರ್ವಜನಿಕರದ್ದಾಗಿರಬೇಕು ಎಂಬುದೇ ಇಂಥ ದಾರಿಗೆ ಮೊದಲ ಷರತ್ತು. ನಡುವೆ ಒಂದು ಖಾಸಗಿ ಗೋಡೆ ಬಂದರೂ ಸವಾರ ಹೆದ್ದಾರಿಗೆ ಹತ್ತಬೇಕಾಗುತ್ತದೆ.

ಆದರೆ ಅಲ್ಲಿಯದನ್ನು ಹಾಗೆಯೇ ಎತ್ತಿ ತಂದಿಡಲು ಬರುವುದಿಲ್ಲ. ಲಾಕ್‌ಗಳ ನಡುವೆ ಹಿಡಿದಿಟ್ಟ ಕಾಲುವೆಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಆದ್ದರಿಂದಲೇ ನೀರಿನ ಅಂಚಿಗೇ ಕಲ್ಲಿನ ಗೋಡೆ ಕಟ್ಟಿ ದಾರಿ ಹಾಕಲು ಆಗುತ್ತದೆ. ನೇತ್ರಾವತಿಗೆ ದಿನಕ್ಕೆ ಎರಡು ಸಲ ಭರತ, ಇಳಿತ. ಆಟಿಯಲ್ಲಿ ಘಟ್ಟದಿಂದ ಬರುವ ಕೆಂಪು ನೆರೆ. ಇಲ್ಲಿ ದಾರಿ ನೀರಿನಿಂದ ಹಿಂದೆ ಸರಿದು ನಿಲ್ಲಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಅವುಗಳ ಕೆಸರನ್ನು ಬಿಡಬೇಕು. ಮರುವಾಯಿ ಚಿಪ್ಪು ಹೆಕ್ಕುವವರಿಗೆ, ಬಲೆ ಹಾಕುವವರಿಗೆ ನೀರಿಗಿಳಿಯುವ ದಾರಿ ಮುಚ್ಚಬಾರದು. ಮಾಂಟ್ರಿಯಲ್‌ನಲ್ಲಿ ದಂಡೆ ಚೆಂದವಾದ ಮೇಲೆ ಹಳೆಯ ಕಾರ್ಖಾನೆಗಳು ದುಬಾರಿ ವಸತಿಸಮುಚ್ಚಯಗಳಾದವು. ಸೇಂಟ್ ಹೆನ್ರಿಯಂಥ ಕಾರ್ಮಿಕರ ಕೇರಿಗಳಲ್ಲಿ ಬಾಡಿಗೆ ಏರಿ, ತಲೆಮಾರುಗಳಿಂದ ಇದ್ದ ಬಡ ಕುಟುಂಬಗಳಿಗೆ ಅಲ್ಲಿ ಉಳಿಯುವುದೇ ಕಷ್ಟವಾಯಿತು. ಬೋಳಾರದಲ್ಲಿ ಹಾಗಾಗುವುದನ್ನು ನಾನು ಒಪ್ಪಲಾರೆ.

ಅಲ್ಲಿಂದ ತರಬೇಕಾದ ಒಂದು ವಿಷಯವಿದೆ. ಆ ದಂಡೆಯಲ್ಲಿ ಅಲ್ಲಲ್ಲಿ ಫ್ರೆಂಚ್ ಮತ್ತು ಇಂಗ್ಲಿಷಿನಲ್ಲಿ ಬರೆದ ಫಲಕಗಳಿವೆ: ಈ ಜಾಗದಲ್ಲಿ ಏನಿತ್ತು, ಯಾರು ದುಡಿದರು ಎಂದು ಅವು ಹೇಳುತ್ತವೆ. ಸೈಕಲ್ ನಿಲ್ಲಿಸಿ ಓದುವವರನ್ನು ನಾನು ದಿನವೂ ಕಂಡಿದ್ದೇನೆ. ನಿಮ್ಮ ಅಜ್ಜ ಆವೆಮಣ್ಣನ್ನು ಎಲ್ಲಿಂದ ತುಂಬಿಕೊಳ್ಳುತ್ತಿದ್ದರು, ಯಾವ ಧಕ್ಕೆಯಲ್ಲಿ ಇಳಿಸುತ್ತಿದ್ದರು, ಒಂದು ದೋಣಿಗೆ ಎಷ್ಟು ಜನ ಇರುತ್ತಿದ್ದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲೊಂದರಲ್ಲಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.