ಮಂಗೋಲಿಯಾದ ಶೂಟರ್‌ಗಳು ಯಾರಾದರೂ ಒಲಿಂಪಿಕ್ಸ್ ಪದಕ ಗೆದ್ದಿದ್ದಾರಾ?

ಗೆದ್ದಿದ್ದಾರೆ. ಇಬ್ಬರು ಹೆಣ್ಣುಮಕ್ಕಳು. ಇಬ್ಬರದೂ 25 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ.

ಮೊದಲನೆಯವರು ದೋರ್ಜ್‌ಸುರೆನ್ ಮುಂಖ್‌ಬಯಾರ್. 1992ರ ಬಾರ್ಸಿಲೋನಾದಲ್ಲಿ ಕಂಚು. ಅಲ್ಲಿಯವರೆಗೆ ಮಂಗೋಲಿಯಾಕ್ಕೆ ಬಂದ ಪದಕಗಳೆಲ್ಲ ಕುಸ್ತಿ, ಜೂಡೋ, ಬಾಕ್ಸಿಂಗ್‌ನವು. 1998ರಲ್ಲಿ ಮಂಗೋಲಿಯಾ ಪರ ವಿಶ್ವ ಚಾಂಪಿಯನ್ ಆದರು. ಆಮೇಲೆ ಜರ್ಮನಿ ಸೇರಿ, 2002ರಲ್ಲಿ ಆ ದೇಶದ ಪರವಾಗಿಯೂ ಅದೇ ಪಟ್ಟ ಗೆದ್ದರು!

ಎರಡನೆಯವರು ಒತ್ರ್ಯಾದ್ ಗುಂದೆಗ್ಮಾ. 2008ರ ಬೀಜಿಂಗ್‌ನಲ್ಲಿ ಬೆಳ್ಳಿ. ಈ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 60 ಗುಂಡು. ಅದರಲ್ಲಿ ಅರ್ಧ ನಿಧಾನವಾಗಿ ಗುರಿಯಿಟ್ಟು ಹೊಡೆಯುವುದು. ಕಷ್ಟ ಇರುವುದು ಉಳಿದರ್ಧದಲ್ಲಿ. ಪಿಸ್ತೂಲ್ ಕೆಳಗೆ ಹಿಡಿದು ನಿಂತಿರಬೇಕು, ಗುರಿ ಕಾಣಿಸುವುದು ಬರೀ 3 ಸೆಕೆಂಡು. ಅಷ್ಟರಲ್ಲಿ ಕೈ ಎತ್ತಿ ಒಂದೇ ಗುಂಡು ಹಾರಿಸಿ ಮತ್ತೆ ಇಳಿಸಬೇಕು. ಗುಂದೆಗ್ಮಾ 600ಕ್ಕೆ 590 ಹೊಡೆದು, ಚೀನಾದ ಚೆನ್ ಯಿಂಗ್‌ಗಿಂತ 5 ಅಂಕ ಮುಂದಿದ್ದರು. ಇದು ಸಣ್ಣ ಅಂತರ ಏನಲ್ಲ. ಆದರೆ ಫೈನಲ್‌ನಲ್ಲಿ ಚೆನ್ 208.4 ಹೊಡೆದರು, ಇವರು 202.2. ಎರಡೂ ಸುತ್ತು ಸೇರಿಸಿದ ಒಟ್ಟು ಲೆಕ್ಕದಲ್ಲಿ ಚಿನ್ನ ತಪ್ಪಿದ್ದು 1.2 ಅಂಕದಿಂದ. ನನ್ನ ಪ್ರಕಾರ ಅಲ್ಲಿ ಇವರು ಎಡವಿದ್ದಕ್ಕಿಂತ ಚೆನ್ ಹೊಡೆದದ್ದೇ ಜಾಸ್ತಿ.

ಅದೇ ಫೈನಲ್‌ನಲ್ಲಿ ಕಂಚು ಯಾರಿಗೆ ಗೊತ್ತಾ? ಮುಂಖ್‌ಬಯಾರ್‌ಗೆ. ಈ ಸಲ ಜರ್ಮನಿಯ ಜೆರ್ಸಿಯಲ್ಲಿ, ಮೊದಲ ಕಂಚು ಬಂದು 16 ವರ್ಷ ಆದ ಮೇಲೆ.